ಬಿದ್ದದ್ದು ಮಗು, ಬೀಳಿಸಿದ್ದು ನೆಲ

ಶಾಲೆಗೆ ರಜೆ ಬಂತೆಂದರೆ ಈ ಅಂಕಣಕ್ಕೆ ಈಜುಕೊಳ, ಸೈಕಲ್ಲು, ಮಾವಿನ ಹಣ್ಣಿನ ಭೇದಿ ಇವುಗಳದ್ದೇ ಪತ್ರಗಳು. ಈಗ ಸ್ಕೇಟ್‌ಬೋರ್ಡೂ ಸೇರಿಕೊಂಡಿದೆ. ಒಂದೇ ಬಗೆಯವನ್ನು ಬಿಟ್ಟು ಉಳಿದವಕ್ಕೆ ಒಟ್ಟಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ಡಾಕ್ಟ್ರೇ, ನಮ್ಮ ಬಡಾವಣೆಯ ಪಾರ್ಕಿನಲ್ಲಿ ಸ್ಕೇಟ್ ಪಾರ್ಕ್ ಮಾಡಿದ್ದಾರೆ. 13 ವರ್ಷದ ಮಗ ಕಳೆದ ಭಾನುವಾರ ಇಳಿಜಾರಿನಲ್ಲಿ ಬರುವಾಗ ಕೊನೆಯಲ್ಲಿ ಮೇಲೆದ್ದಿದ್ದ ತಗಡಿಗೆ ಚಕ್ರ ಸಿಕ್ಕಿ, ಬಲಗೈ ಊರಿ ಬಿದ್ದ. ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದರು. ಐದು ದಿನವಾದರೂ ಹೆಬ್ಬೆರಳ ಬುಡ ಮುಟ್ಟಗೊಡುವುದಿಲ್ಲ. ನಮ್ಮತ್ತೆ ಪುತ್ತೂರು ಕಟ್ಟು ಹಾಕಿಸೋಣ ಅಂತಾರೆ. ಇವರು, ನೆಟ್ಟಗೆ ನೋಡ್ಕೊಂಡು ಆಡೋಕೆ ಬರಲ್ವಾ ಅಂತ ಅವನನ್ನೇ ಬೈತಾರೆ. ಏನು ಮಾಡಲಿ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ಮೊದಲು ಕೈ ನೋಡೋಣಮ್ಮ, ಬೈಗುಳದ ವಿಚಾರ ಆಮೇಲೆ.

ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಅವುಗಳಲ್ಲಿ ಹೆಬ್ಬೆರಳ ಬುಡಕ್ಕಿರುವ ಸ್ಕೇಫಾಯ್ಡ್ ಬಹಳ ಮೋಸದ ಮೂಳೆ. ಕೈ ಊರಿ ಬಿದ್ದಾಗ ಬಿರುಕು ಬಿಟ್ಟರೂ ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣಿಸದೇ ಹೋಗಬಹುದು. ಹೆಬ್ಬೆರಳನ್ನು ಅಗಲಿಸಿ ಎತ್ತಿದಾಗ ಅದರ ಬುಡದಲ್ಲಿ ಸಣ್ಣ ಗುಳಿ ಬೀಳುತ್ತದಲ್ಲ, ಅಲ್ಲಿ ಒತ್ತಿದರೆ ನೋವಾಗುತ್ತಿದೆ ಎಂದಾದರೆ ‘ಏನೂ ಇಲ್ಲ’ ಎಂಬ ಎಕ್ಸ್‌ರೇಯನ್ನು ನಂಬಿ ಕೂರಬಾರದು. ಈ ಮೂಳೆಗೆ ರಕ್ತ ಹರಿಯುವುದು ಬೆರಳಿನ ಕಡೆಯ ತುದಿಯಿಂದ. ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ಸಿಗದೆ ಅದು ಸತ್ತುಹೋಗುವ ಭಯವಿದೆ. ಇನ್ನೊಂದು ಸಾಧ್ಯತೆ, ನಿಮ್ಮ ಮಗನ ವಯಸ್ಸಿನಲ್ಲಿ ಮೂಳೆಯ ತುದಿಯಲ್ಲಿ ಇನ್ನೂ ಮೆದುವಾಗಿರುವ ಬೆಳವಣಿಗೆಯ ಪದರಕ್ಕೆ ಪೆಟ್ಟು ಬಿದ್ದಿರುವುದು. ಅದೂ ಎಕ್ಸ್‌ರೇಯಲ್ಲಿ ಅಡಗಿಕೊಳ್ಳುತ್ತದೆ. ಆದ್ದರಿಂದ ತಡ ಮಾಡದೆ ಮೂಳೆ ತಜ್ಞರ ಹತ್ತಿರ ಹೋಗಿ. ಹೆಬ್ಬೆರಳೂ ಸೇರುವಂತೆ ಪಟ್ಟಿ ಹಾಕಿ, ಪೆಟ್ಟಾದ 10ರಿಂದ 14 ದಿನಕ್ಕೆ ಮತ್ತೆ ಎಕ್ಸ್‌ರೇ ತೆಗೆಸುತ್ತಾರೆ. ಅಷ್ಟು ಕಾಯುವುದು ಬೇಡವೆಂದರೆ ಎಂಆರ್‌ಐ ಇದೆ.

ಅತ್ತೆಯವರ ನಂಬಿಕೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಊದಿರುವ ಕೈಗೆ ಬಿಗಿಯಾಗಿ ಕಟ್ಟಿದರೆ ಒಳಗೆ ರಕ್ತ ಓಡಾಡಲು ಜಾಗವಿರುವುದಿಲ್ಲ. ಎಂಥ ಕಟ್ಟೇ ಇರಲಿ, ಆಸ್ಪತ್ರೆಯದೇ ಆಗಿರಲಿ, ಬೆರಳು ಜೋಮು ಹಿಡಿದರೆ, ತಣ್ಣಗಾದರೆ, ಬಣ್ಣ ಬದಲಾದರೆ, ಬೆರಳನ್ನು ಚಾಚಿಸಿದಾಗ ಮಗು ಕಿರುಚಿದರೆ, ಅದು ಮಧ್ಯರಾತ್ರಿಯಾದರೂ ಬಿಚ್ಚಿಸಿ. ಎಣ್ಣೆ ಹಾಕಿ ನೀವುವುದಂತೂ ಬೇಡವೇ ಬೇಡ.

ಈಗ ನಿಮ್ಮ ಯಜಮಾನರಿಗೆ ಒಂದು ಮಾತು. ಸ್ಕೇಟ್‌ಬೋರ್ಡಿನ ಚಕ್ರ ಅಡ್ಡಕ್ಕೆ ಸುಮಾರು 5 ಸೆಂಟಿಮೀಟರು, ಗಟ್ಟಿ ಪ್ಲಾಸ್ಟಿಕ್ಕು. ಸೈಕಲ್ಲು ಗಮನಿಸದೆ ದಾಟಿಹೋಗುವ ಜಲ್ಲಿಚೂರಿಗೆ ಈ ಚಕ್ರ ಗಕ್ಕನೆ ನಿಲ್ಲುತ್ತದೆ. ಹಲಗೆ ನಿಂತರೂ ಮೇಲಿರುವ ಹುಡುಗ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತಾನೆ. ಕೈ ಮುಂದೆ ಬರುವುದು ದೇಹದ ಸಹಜ ಪ್ರತಿಕ್ರಿಯೆ, ಯೋಚಿಸಲು ಅಲ್ಲಿ ಸಮಯವೇ ಇರುವುದಿಲ್ಲ. ಬಿದ್ದು ಗಾಯವಾದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿಗೆ ಏರುಪೇರಾದ ನೆಲವೇ ಕಾರಣ ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಹೇಳಿದೆ. ಇಳಿಜಾರು ನೆಲಕ್ಕೆ ಸೇರುವ ಕಡೆ ಹಾಕುವ ತಗಡು, ವೇಗ ಎಲ್ಲಕ್ಕಿಂತ ಹೆಚ್ಚಿರುವ ಜಾಗದಲ್ಲಿರುತ್ತದೆ. ಅದು ಎದ್ದಿದ್ದರೆ ತಪ್ಪು ಹುಡುಗನದಲ್ಲ. ಫೋಟೋ ತೆಗೆದು, ತಾರೀಖು ಹಾಕಿ, ಪಾಲಿಕೆಗೆ ಲಿಖಿತ ದೂರು ಕೊಡಿ. ನಾಳೆ ಅಲ್ಲಿ ಬೀಳುವವನು ಇನ್ನೊಬ್ಬರ ಮನೆಯವನು.

ಪ್ರಶ್ನೆ: ಮಗಳಿಗೆ 10 ವರ್ಷ. ಸ್ಕೇಟ್ ಪಾರ್ಕಿಗೆ ಸೇರಿಸು ಎಂದು ಹಟ. ಆ ಜಾಗ ಸುರಕ್ಷಿತವೋ ಅಲ್ಲವೋ ಎಂದು ನನ್ನಂಥ ಬ್ಯಾಂಕ್ ನೌಕರ ತಿಳಿಯುವುದು ಹೇಗೆ? ರ್‍ಯಾಂಪಿನ ಎತ್ತರ ನೋಡಿದರೇ ನನಗೆ ಎದೆ ನಡುಗುತ್ತದೆ.
– ಮೈಸೂರಿನ ಓದುಗರು

ಉತ್ತರ: ಎತ್ತರಕ್ಕೆ ಹೆದರಬೇಡಿ. ಅದು ಎಲ್ಲರ ಕಣ್ಣಿಗೂ ಕಾಣುತ್ತದೆ. ಮಗಳು ಅದರ ಮುಂದೆ ನಿಂತು ‘ಇವತ್ತು ಬೇಡ’ ಎಂದು ಹಿಂದೆ ಸರಿಯಬಲ್ಲಳು. ಕಾಣದೇ ಇರುವುದು ನನ್ನನ್ನು ಹೆದರಿಸುತ್ತದೆ. ಅದನ್ನು ಯಾವ ಮಗುವೂ ಆರಿಸಿಕೊಂಡಿರುವುದಿಲ್ಲ. ದೊಡ್ಡವರು ಸಾಮಾನ್ಯವಾಗಿ ರ್‍ಯಾಂಪನ್ನು ಕುಳ್ಳಗೆ ಮಾಡಿಸಿ, ಸೀಳುಬಿಟ್ಟ ನೆಲವನ್ನು ಹಾಗೇ ಬಿಟ್ಟು, ‘ಸೇಫ್ ಮಾಡಿದೆವು’ ಎಂದು ಹೇಳಿಕೊಳ್ಳುತ್ತಾರೆ.

ಒಂದು ಬೆಳಗ್ಗೆ ಯಾರೂ ಇಲ್ಲದಾಗ ಹೋಗಿ, ಚಪ್ಪಲಿ ಬಿಟ್ಟು ನಡೆಯಿರಿ. ಪಾದಕ್ಕೆ ತಗಲುವ ಪ್ರತಿ ಏಣು, ಪ್ರತಿ ಬಿರುಕು ಚಕ್ರಕ್ಕೂ ತಗಲುತ್ತದೆ. ಬೆರಳ ತುದಿ ಇಳಿಯುವಷ್ಟು ಸಂದಿಯಿದ್ದರೆ ಅದು ರಿಪೇರಿ ಆಗಲೇಬೇಕು. ಕಾಂಕ್ರೀಟನ್ನು ಉಜ್ಜಿ ನುಣುಪು ಮಾಡಿರಬೇಕು, ಆದರೆ ಜಾರಬಾರದು. ಉದ್ಘಾಟನೆಗೆ ಸಚಿವರು ಬರುತ್ತಾರೆಂದು ಹೊಳೆಯುವ ಬಣ್ಣ ಬಳಿದ ನೆಲವೇನಾದರೂ ಕಂಡರೆ ಅನುಮಾನಿಸಿ, ಇಬ್ಬನಿ ಬಿದ್ದರೆ ಸಾಕು ಅದು ಜಾರುಬಂಡೆ.

ಆಮೇಲೆ ಇಳಿಜಾರಿನ ಪಕ್ಕಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತು, ಅದರ ಬಾಗನ್ನು ನೋಡಿ. ಮೇಲಿನಿಂದ ಕೆಳಗಿನವರೆಗೂ ಒಂದೇ ಬಾಗಾಗಿ ಇಳಿದು ನೆಲದಲ್ಲಿ ಕರಗಬೇಕು. ಅಳತೆಯ ಅಚ್ಚು ಇಟ್ಟುಕೊಳ್ಳದೆ ಕಣ್ಣಂದಾಜಿನಲ್ಲಿ ಕರಣೆ ಆಡಿಸಿದ ಕಡೆ ನಡುವೆ ಉಬ್ಬು, ಕೆಳಗೆ ಮೂಲೆ ಉಳಿದಿರುತ್ತದೆ. ಆ ಮೂಲೆಯಲ್ಲೇ ಮಕ್ಕಳು ಮುಂದಕ್ಕೆ ಎಸೆಯಲ್ಪಡುವುದು. ಮೇಲಂಚಿಗೆ ಕೂರಿಸಿರುವ ಕಬ್ಬಿಣದ ಪೈಪಿಗೆ ಕೋಪಿಂಗ್ ಎನ್ನುತ್ತಾರೆ. ಅದು ಕೆಲವೇ ಮಿಲಿಮೀಟರು ಹೊರಗೆ ಚಾಚಿರಬೇಕು. ಹೆಚ್ಚು ಚಾಚಿದ್ದರೆ ಇಳಿಯುವಾಗ ಹಿಂದಿನ ಚಕ್ರ ಸಿಕ್ಕಿಹಾಕಿಕೊಳ್ಳುತ್ತದೆ. ಪೈಪು ಅಲುಗಾಡುತ್ತಿದ್ದರೆ, ಬೆಸುಗೆ ಬಿಟ್ಟಿದ್ದರೆ, ಅಲ್ಲಿಂದಲೇ ವಾಪಸು ಬನ್ನಿ.

ಮೇಲೆ ನಿಲ್ಲುವ ಕಟ್ಟೆಯ ಹಿಂಬದಿಯಲ್ಲಿ ಕಂಬಿ ಇದೆಯೇ? ಬೀಳುವುದೆಂದರೆ ಮುಂದಕ್ಕೆ ಮಾತ್ರ ಎಂದುಕೊಂಡವರು ಹಿಂದುಗಡೆಯನ್ನು ತೆರೆದೇ ಬಿಟ್ಟಿರುತ್ತಾರೆ. ತಮ್ಮ ಸರದಿಗೆ ಕಾಯುವ ಮಕ್ಕಳು ಮಾತಾಡುತ್ತಾ ಒಂದು ಹೆಜ್ಜೆ ಹಿಂದೆ ಇಟ್ಟರೆ ಅತ್ತ ಕಡೆ ಇಟ್ಟಿಗೆ ರಾಶಿ. ಪ್ಲೈವುಡ್ ರ್‍ಯಾಂಪಾದರೆ ಒಂದು ಮಳೆಗಾಲಕ್ಕೇ ಹಲಗೆ ಉಬ್ಬಿ, ಸ್ಕ್ರೂ ತಲೆ ಎತ್ತಿರುತ್ತವೆ. ಅಂಗೈಯಿಂದಲ್ಲ, ಬಟ್ಟೆಯಿಂದ ಸವರಿ ನೋಡಿ, ಎಲ್ಲಿ ಎಳೆ ಸಿಕ್ಕಿಕೊಂಡಿತೋ ಅಲ್ಲಿ ಚರ್ಮವೂ ಸಿಕ್ಕಿಕೊಳ್ಳುತ್ತದೆ.

ಕೊನೆಗೆ, ಮಕ್ಕಳು ಆಡುವ ಹೊತ್ತಿಗೆ ಇನ್ನೊಮ್ಮೆ ಹೋಗಿ ಬೆಂಚಿನ ಮೇಲೆ ಅರ್ಧ ಗಂಟೆ ಕೂತಿರಿ. ಯಾರು ಎಲ್ಲಿಂದ ಬಂದು ಎಲ್ಲಿ ಇಳಿಯುತ್ತಾರೆ ಎಂಬುದನ್ನು ಮನಸ್ಸಿನಲ್ಲೇ ಗೆರೆ ಎಳೆದು ನೋಡಿ. ಗೆರೆಗಳು ಒಂದನ್ನೊಂದು ಕತ್ತರಿಸುವ ಜಾಗದಲ್ಲಿ ಇಬ್ಬರಿಗೂ ಪರಸ್ಪರ ಕಾಣದಂತೆ ಗೋಡೆಯೋ ದಿಣ್ಣೆಯೋ ಇದ್ದರೆ ಅದು ನಕ್ಷೆಯ ದೋಷ. ಎಷ್ಟು ಸಿಮೆಂಟು ಮೆತ್ತಿದರೂ ಅದು ಹೋಗುವುದಿಲ್ಲ. ಒಳಗೆ ಹೋಗುವ ದಾರಿ ನೇರ ಆ ಗೆರೆಗೇ ತೆರೆದುಕೊಂಡರೆ ಇನ್ನೂ ಕೇಡು.

ಸ್ಕೇಟ್ ಪಾರ್ಕುಗಳಿಗೆಂದೇ ಯುರೋಪಿನಲ್ಲಿ ಇಎನ್ 14974, ಅಮೆರಿಕದಲ್ಲಿ ಎಎಸ್‌ಟಿಎಂ ಎಫ್2334 ಮತ್ತು ಎಫ್2480 ಎಂಬ ಮಾನದಂಡಗಳಿವೆ. ಕಾಮಗಾರಿಯನ್ನು ಯಾವ ಮಾನದಂಡದಂತೆ ಮಾಡಿಸಿದ್ದೀರಿ ಎಂದು ಮಾಹಿತಿ ಹಕ್ಕಿನಡಿ ಕೇಳಬಹುದು. ವೈದ್ಯನಿಗೆ ಇದೆಲ್ಲ ಯಾಕೆ ಎನ್ನಬೇಡಿ, ಪ್ಲಾಸ್ಟರು ಹಾಕುವವನು ನಾನು ತಾನೆ.

ಪ್ರಶ್ನೆ: ಹೆಲ್ಮೆಟ್ ಹಾಕಿಕೊಂಡರೆ ಜೊತೆಯವರು ನಗುತ್ತಾರಂತೆ. ಅದು ನಿಜಕ್ಕೂ ಬೇಕೇ? ಸೈಕಲ್ ಹೆಲ್ಮೆಟ್ ನಡೆಯುತ್ತದೆಯೇ?
– ಹುಬ್ಬಳ್ಳಿಯ ತಂದೆ

ಉತ್ತರ: ಬೇಕು. ಬ್ರಿಟನ್ನಿನ ಸ್ಕೈ ಬ್ರೌನ್ ಎಂಬ ಹುಡುಗಿಯ ವಿಡಿಯೋ ತೋರಿಸಿ. 2020ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಭ್ಯಾಸ ಮಾಡುವಾಗ ಎತ್ತರದಿಂದ ಬಿದ್ದು ತಲೆಬುರುಡೆಯೇ ಬಿರುಕು ಬಿಟ್ಟಿತು, ಎಡ ಮಣಿಕಟ್ಟು ಮುರಿಯಿತು. ಹೆಲ್ಮೆಟ್ ಇತ್ತು, ಬದುಕಿದಳು. ಮರುವರ್ಷ ಟೋಕಿಯೊ ಒಲಿಂಪಿಕ್ಸಿನಲ್ಲಿ 13ನೇ ವಯಸ್ಸಿಗೆ ಕಂಚು ಗೆದ್ದಳು. ಸೈಕಲ್ ಹೆಲ್ಮೆಟ್ ಇಲ್ಲದ್ದಕ್ಕಿಂತ ಮೇಲು, ಆದರೆ ಅದು ಒಂದು ದೊಡ್ಡ ಪೆಟ್ಟಿಗೆಂದು ಮಾಡಿದ್ದು. ಸ್ಕೇಟಿಂಗಿನದು ತಲೆಯ ಹಿಂಭಾಗವನ್ನೂ ಹೆಚ್ಚು ಮುಚ್ಚುತ್ತದೆ. ಪಟ್ಟಿ ಬಿಗಿದಿರಬೇಕು, ಗಲ್ಲದ ಕೆಳಗೆ ಎರಡು ಬೆರಳಿಗಿಂತ ಹೆಚ್ಚು ಜಾಗ ಬೇಡ. ಮಣಿಕಟ್ಟಿನ ಗಾರ್ಡನ್ನು ಮರೆಯಬೇಡಿ. ಚಕ್ರದ ಶೂ ಹಾಕಿ ಆಡುವವರ ಬಗ್ಗೆ 1996ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನದಲ್ಲಿ, ಗಾರ್ಡ್ ಇಲ್ಲದವರಿಗೆ ಮಣಿಕಟ್ಟಿನ ಪೆಟ್ಟಿನ ಸಾಧ್ಯತೆ ಸುಮಾರು ಹತ್ತು ಪಟ್ಟು ಕಂಡುಬಂದಿತ್ತು.

ಪ್ರಶ್ನೆ: ನಮ್ಮ ಬಡಾವಣೆಯ ಸ್ಕೇಟ್ ಪಾರ್ಕಿನ ಗುಂಡಿಯಲ್ಲಿ ಮಳೆನೀರು ನಿಂತು ಪಾಚಿ ಕಟ್ಟಿದೆ. ಡೆಂಗಿ ಭಯ. ಮಣ್ಣು ತುಂಬಿಸಿ ಮುಚ್ಚಿಸಿಬಿಡೋಣ ಎಂದು ಸಂಘದ ಸಭೆಯಲ್ಲಿ ತೀರ್ಮಾನವಾಗಿದೆ. ನಿಮ್ಮ ಸಲಹೆ?
– ನಿವಾಸಿಗಳ ಸಂಘದ ಕಾರ್ಯದರ್ಶಿ

ಉತ್ತರ: ಭಯ ಸರಿ, ತೀರ್ಮಾನ ತಪ್ಪು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಮೂಡಲು ವಾರ, ಹತ್ತು ದಿನ ಸಾಕು. 2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಇಟ್ಟಿದ್ದು ನಿಮಗೆ ಗೊತ್ತು. ಗುಂಡಿಯ ತಳದ ಮೋರಿ ಕಿಂಡಿಯಲ್ಲಿ ಎಲೆ, ಚಿಪ್ಸ್ ಪೊಟ್ಟಣ ಸಿಕ್ಕಿಕೊಂಡಿರುತ್ತದೆ, ಅದನ್ನು ವಾರಕ್ಕೊಮ್ಮೆ ತೆಗೆಸಿ. ಕಿಂಡಿಯೇ ಇಲ್ಲದಿದ್ದರೆ, ಅಥವಾ ಅದು ತಳಕ್ಕಿಂತ ಎತ್ತರದಲ್ಲಿದ್ದರೆ, ಕಟ್ಟಿದವರಿಂದಲೇ ಸರಿಪಡಿಸಿಕೊಳ್ಳಿ. ನೀರು ಖಾಲಿಯಾಗುವವರೆಗೆ ಸುತ್ತ ತಾತ್ಕಾಲಿಕ ಬೇಲಿ ಬೇಕೇ ಬೇಕು. ಒಂದಡಿ ನೀರೂ ಪುಟ್ಟ ಮಗುವಿಗೆ ಮುಳುಗುವಷ್ಟೇ. ಹಾಗೇ ದೀಪದ ಕಂಬದ ಬುಡದಲ್ಲಿ ತಂತಿ ತೆರೆದಿದೆಯೇ ನೋಡಿಸಿ.

ಮುಚ್ಚಿಸಿದರೆ ಹುಡುಗರು ಮನೆಯಲ್ಲಿ ಕೂರುವುದಿಲ್ಲ, ಬೋರ್ಡು ಹಿಡಿದು ರಿಂಗ್ ರೋಡಿನ ಸರ್ವಿಸ್ ರಸ್ತೆಗೆ ಹೋಗುತ್ತಾರೆ. ಪಾರ್ಕಿನಲ್ಲಿ ಕೈ ಮುರಿಯುತ್ತದೆ. ರಸ್ತೆಯಲ್ಲಿ ಲಾರಿ ಇರುತ್ತದೆ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಮಗನ ಮನೆಗೆ ಬಂದಿದ್ದೇವೆ. 4 ವರ್ಷದ ಮೊಮ್ಮಗನನ್ನು ಸ್ಕೂಟರ್ ಸಮೇತ ಪಕ್ಕದ ಸ್ಕೇಟ್ ಪಾರ್ಕಿಗೆ ಕರೆದೊಯ್ಯುವ ಕೆಲಸ ನನ್ನದು. ದೊಡ್ಡ ಹುಡುಗರು ಗದರುತ್ತಾರೆ.
– ಒಬ್ಬ ಅಜ್ಜಿ

ಉತ್ತರ: ಅವರು ಗದರುವುದರಲ್ಲಿ ನ್ಯಾಯವಿದೆ ತಾಯಿ. ಐದು ವರ್ಷದೊಳಗಿನವರು ಸ್ಕೇಟ್‌ಬೋರ್ಡ್ ಹತ್ತಲೇಬಾರದು, ಹತ್ತರ ಒಳಗಿನವರಿಗೆ ದೊಡ್ಡವರ ಕಾವಲು ಬೇಕು ಎನ್ನುವುದು ಅಲ್ಲಿಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಸ್ಕೂಟರಿನ ಪುಟಾಣಿ ರ್‍ಯಾಂಪಿನ ಬಾಯಿಗೆ ಅಡ್ಡ ಬಂದರೆ ಮೇಲಿನಿಂದ ಬರುವವನಿಗೆ ಬ್ರೇಕು ಎಲ್ಲಿದೆ? ಪಕ್ಕದ ಮಕ್ಕಳ ಆಟದ ಜಾಗಕ್ಕೆ ಹೋಗಿ, ನಿಮ್ಮ ಮೊಣಕಾಲಿಗೂ ಅಷ್ಟು ಓಡಾಟ ತಪ್ಪುತ್ತದೆ.

ಪ್ರಶ್ನೆ: ನನಗೆ 16. ನಿನ್ನೆ ಸಂಜೆ ಹಿಂದಕ್ಕೆ ಬಿದ್ದೆ, ಹೆಲ್ಮೆಟ್ ಇತ್ತು. ಪ್ರಜ್ಞೆ ತಪ್ಪಲಿಲ್ಲ. ಆದರೆ ತಲೆ ಭಾರ, ಮೊಬೈಲ್ ನೋಡಿದರೆ ಕಣ್ಣು ಚುಚ್ಚುತ್ತದೆ. ಮೊಣಕೈಯೂ ತರಚಿದೆ. ಭಾನುವಾರ ಸ್ಪರ್ಧೆ ಇದೆ. ಅಮ್ಮನಿಗೆ ಹೇಳಿಲ್ಲ.
– ಹೆಸರು ಬೇಡ

ಉತ್ತರ: ಮೊದಲು ಅಮ್ಮನಿಗೆ ಹೇಳು, ಇವತ್ತೇ. ಪ್ರಜ್ಞೆ ತಪ್ಪದಿದ್ದರೂ ಮಿದುಳು ಅಲುಗಾಡಿರುತ್ತದೆ, ಇದನ್ನು ಕನ್‌ಕಷನ್ ಎನ್ನುತ್ತೇವೆ. ಹೆಲ್ಮೆಟ್ ಬುರುಡೆಯನ್ನು ಕಾಯುತ್ತದೆ, ಒಳಗಿನ ಅಲುಗಾಟವನ್ನು ಪೂರ್ತಿ ತಡೆಯದು. ಎರಡು ದಿನ ಆಟ, ಮೊಬೈಲು, ತಡರಾತ್ರಿಯ ಓದು ಎಲ್ಲಕ್ಕೂ ರಜೆ. ಮನೆಯೊಳಗೆ ಓಡಾಡಬಹುದು. ತಲೆಭಾರ, ಕಣ್ಣು ಚುಚ್ಚುವುದು ಎಲ್ಲ ಪೂರ್ತಿ ಹೋದ ಮೇಲೆ, ವೈದ್ಯರಿಗೆ ತೋರಿಸಿ, ಹಂತಹಂತವಾಗಿ ಬೋರ್ಡಿಗೆ ಮರಳು. ಈ ಭಾನುವಾರದ ಸ್ಪರ್ಧೆ ಇಲ್ಲ. ಮೊದಲ ಪೆಟ್ಟು ಮಾಯುವ ಮುಂಚೆ ಎರಡನೆಯದು ಬಿದ್ದರೆ ಅದರ ಪರಿಣಾಮ ಬೇರೆಯೇ.

ಪದೇಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ನಿದ್ದೆ, ತೊದಲು, ಕೈಕಾಲು ಸೋಲುವುದು, ಫಿಟ್ಸು, ಕಿವಿ ಮೂಗಿನಿಂದ ನೀರು ಅಥವಾ ರಕ್ತ, ಇವುಗಳಲ್ಲಿ ಒಂದು ಕಂಡರೂ ಕೂಡಲೇ 108ಕ್ಕೆ ಫೋನ್ ಮಾಡಿಸಿಕೋ.

ಮೊಣಕೈಯನ್ನು ಹರಿಯುವ ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆ. ಒಳಗೆ ಸಿಮೆಂಟು ಧೂಳು ಉಳಿದರೆ ಚರ್ಮದಲ್ಲಿ ಹಚ್ಚೆಯಂತೆ ಕಪ್ಪು ಕಲೆ ಉಳಿಯುತ್ತದೆ. ಕಾಫಿಪುಡಿ, ಟೂತ್‌ಪೇಸ್ಟ್ ಬೇಡ. 16ನೇ ವಯಸ್ಸಿನ ಟಿಡಿ ಚುಚ್ಚುಮದ್ದು ಆಗಿದೆಯೇ ಎಂದು ಅಮ್ಮನನ್ನು ಕೇಳು, ಆಗಿಲ್ಲದಿದ್ದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಹಾಕುತ್ತಾರೆ.