ಕಾದಂಬರಿ ಬರಿ, ಕುನ್ನಿಗಳ ರೊಕ್ಕದ ಲೆಕ್ಕ ಬೇರೆ ಇಡು

ಬೆಂಗೇರಿಯ ನಮ್ಮ ಓಣಿಯ ಹುಡುಗಿಯೊಬ್ಬಳು ಐತಿಹಾಸಿಕ ಕಾದಂಬರಿ ಬರೆಯಲು ಕೂತಿದ್ದಾಳೆ. ಅದರಿಂದ ಬಂದ ರೊಕ್ಕವನ್ನು ಗಾಯಗೊಂಡ, ಸಾಕಿದವರು ಬಿಟ್ಟುಹೋದ ನಾಯಿಗಳಿಗೆ ಆಸರೆ ಕೊಡುವ ನಾಯಿಮನೆಗೆ ಕೊಡಬೇಕೆಂಬುದು ಅವಳ ಹಂಬಲ. ‘ಕಾಕಾ, ನಾಲ್ಕು ಮಾತು ಹೇಳ್ರಿ’ ಅಂದಳು. ಹುಬ್ಬಳ್ಳಿಯ ಪ್ರೆಸ್ಸುಗಳಲ್ಲಿ ಕರಡು ತಿದ್ದುತ್ತ ತಲೆ ಬೆಳ್ಳಗಾದವನು ನಾನು. ಮಾತಿಗೆ ಕೂತರೆ ದಾರಿ ತಪ್ಪುತ್ತೇನೆ ಎಂದು ಬರೆದೇ ಕೊಟ್ಟೆ. ಇಂಥದೇ ಹುಚ್ಚು ಹಚ್ಚಿಕೊಂಡ ಬೇರೆಯವರಿಗೂ ಉಪಯೋಗ ಬಿದ್ದೀತು.

• ತಂಗೀ, ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲು. ಮದ್ದೂರು ತಾಲ್ಲೂಕಿನ ಆತಕೂರಿನದು ಅದು, ಕಾಲ ಕ್ರಿ.ಶ. 949–50. ತಕ್ಕೋಲದ ಕಾಳಗದಲ್ಲಿ ಗಂಗರ ಇಮ್ಮಡಿ ಬೂತುಗ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಬಂಟ ಮಣಲೇರನೂ ಅಲ್ಲಿ ಕಾದಿದ. ‘ಮೆಚ್ಚಿದೆ, ಬೇಡಿಕೋ’ ಅಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಆ ಕಾಳಿಯನ್ನು ಕಾಡುಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಕಲ್ಲಿನ ಮೇಲೆ ಎರಡೂ ಮುಖಾಮುಖಿ ಕಾದಾಡುತ್ತಿವೆ. ಇಷ್ಟನ್ನು ಬಹಳ ಮಂದಿ ಹೇಳುತ್ತಾರೆ. ಮುಂದಿನದನ್ನು ಹೇಳುವವರು ಕಡಿಮೆ. ಚಲ್ಲೇಶ್ವರ ಗುಡಿಯ ಮುಂದೆ ಆ ಕಲ್ಲು ನಿಲ್ಲಿಸಿ, ಅದರ ನಿತ್ಯದ ಪೂಜೆಗೆಂದು ಎರಡು ಖಂಡುಗ ಭೂಮಿಯನ್ನೂ ಬಿಟ್ಟರು. ಪೂಜೆ ಮಾಡದೆ ಉಂಡವನಿಗೆ ಪಾಪ ತಟ್ಟುತ್ತದೆಂದು ಅದೇ ಕಲ್ಲಿನಲ್ಲಿ ಬರೆಸಿದರು. ಒಂದು ನಾಯಿಯ ಕಥೆ ಕೆತ್ತಿಸಿದವರು ಅಲ್ಲಿಗೇ ಕೈತೊಳೆಯಲಿಲ್ಲ. ವರ್ಷ ವರ್ಷ ಎಲ್ಲಿಂದ ಖರ್ಚು ಬರಬೇಕು ಎಂಬುದನ್ನೂ ಬರೆದಿಟ್ಟರು. ನಿನ್ನ ಕಾದಂಬರಿಗೂ ಅಂಥದೊಂದು ಏರ್ಪಾಡು ಬೇಕು. ಬರೆದು ಮುಗಿಸಿದ ಮೇಲೆ ಅಲ್ಲ, ಈಗಲೇ.

• ಕಥೆ ಹುಡುಕಿಕೊಂಡು ರಾಜಸ್ಥಾನಕ್ಕೆ ಹೋಗಬೇಡ. ಮುಧೋಳ ತಾಲ್ಲೂಕಿನ ಹಲಗಲಿ ನಮಗೆ ಎಷ್ಟು ದೂರ? 1857ರಲ್ಲಿ ಹತಾರ ಒಪ್ಪಿಸಬೇಕೆಂದು ಕಂಪನಿ ಸರ್ಕಾರ ಹುಕುಂ ಮಾಡಿತು. ಬೇಟೆಯನ್ನೇ ಬಾಳಾಗಿಸಿಕೊಂಡಿದ್ದ ಬೇಡರಿಗೆ ಕೈ ಕತ್ತರಿಸಿಕೊಡು ಎಂದಂತಾಯಿತು. ಜಡಗ, ಬಾಲ ಮೊದಲಾದವರು ಒಪ್ಪಲಿಲ್ಲ. ನವೆಂಬರ್ ಕೊನೆಗೆ ದಂಡು ಊರಿಗೆ ಬಿತ್ತು, ಡಿಸೆಂಬರಿನಲ್ಲಿ ಸಿಕ್ಕವರನ್ನು ಗಲ್ಲಿಗೇರಿಸಿದರು. ಈ ಕಥೆ ಹೇಳುವ ಲಾವಣಿಯನ್ನು ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ನಮ್ಮ ಕಡೆಯ ಬೇರೆ ಲಾವಣಿಗಳ ಜೊತೆ ಬರೆಸಿಕೊಂಡು ಅಚ್ಚು ಹಾಕಿಸಿದ. ಆತಕೂರಿನ ಶಾಸನವನ್ನು ಸಂಪಾದಿಸಿದವನೂ ಅವನೇ, ನೋಡು. ದಂಡು ಊರಿಗೆ ಬೆಂಕಿ ಇಟ್ಟ ರಾತ್ರಿ ಬೇಡರ ನಾಯಿಗಳು ಏನು ಮಾಡಿರಬಹುದು? ಇದನ್ನು ಯಾವ ದಾಖಲೆಯೂ ಹೇಳುವುದಿಲ್ಲ. ಕಾದಂಬರಿಕಾರಳಿಗೆ ಜಾಗ ಸಿಗುವುದೇ ಅಲ್ಲಿ.

• ಮುಧೋಳ ನಾಯಿಯ ಬಗ್ಗೆ ಬರೆಯುವಾಗ ಕೈ ಬಿಗಿ ಹಿಡಿ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಬೆಳೆಸಿ ಐದನೆಯ ಜಾರ್ಜ್ ದೊರೆಗೆ ಜೋಡಿ ಕೊಟ್ಟಿದ್ದು, 2005ರಲ್ಲಿ ಅಂಚೆಚೀಟಿ ಬಂದಿದ್ದು, ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನಾ ಕೇಂದ್ರ ಇರುವುದು, ಇವು ಖರೇ. ಶಿವಾಜಿಯ ಸೈನ್ಯದಲ್ಲಿತ್ತು, ಅವನ ಮಗನ ಪ್ರಾಣ ಉಳಿಸಿತು ಎಂಬವು ಕಟ್ಟೆಯ ಮೇಲಿನ ಮಾತು. ಪಾತ್ರದ ಬಾಯಲ್ಲಿ ಹೇಳಿಸು, ಹರಕತ್ತಿಲ್ಲ. ಮುನ್ನುಡಿಯಲ್ಲಿ ಇತಿಹಾಸ ಎಂದು ಬರೆಯಬೇಡ. ಇನ್ನೊಂದು ಮಾತು. ಜನ ಕಾದಂಬರಿ ಓದಿ ಮುಧೋಳ ಮರಿ ತರಲು ಓಡುತ್ತಾರೆ, ಎರಡು ಕೋಣೆಯ ಮನೆಯಲ್ಲಿ ಅದನ್ನು ಕಟ್ಟಿಹಾಕುತ್ತಾರೆ, ವರ್ಷದೊಳಗೆ ಬೀದಿಗೆ ಬಿಡುತ್ತಾರೆ. ಹೊಲದಲ್ಲಿ ಮೊಲದ ಹಿಂದೆ ಹರದಾರಿಗಟ್ಟಲೆ ಓಡುವ ಪ್ರಾಣಿ ಅದು. ನಾಯಿಮನೆ ತುಂಬಿಸುವ ಪುಸ್ತಕ ನಿನ್ನದಾಗಬಾರದು. ಓಡಲು ಅದಕ್ಕೆ ಎಷ್ಟು ಬಯಲು ಬೇಕು ಎಂಬುದು ಕಥೆಯಲ್ಲೇ ಕಾಣಲಿ.

• ಗಂಗರ ಅಡುಗೆಮನೆಗೆ ಬ್ಯಾಡಗಿ ಮೆಣಸಿನಕಾಯಿ ತರಬೇಡ. ಮೆಣಸಿನಕಾಯಿ, ಶೇಂಗಾ, ಆಲೂಗಡ್ಡೆ, ಟೊಮ್ಯಾಟೊ ಎಲ್ಲವೂ ಪೋರ್ಚುಗೀಸರು ಬಂದ ಮೇಲಿನವು. ಖಾರಕ್ಕೆ ಕರಿಮೆಣಸು ಇತ್ತು. 1857ರ ಹುಬ್ಬಳ್ಳಿಗೆ ರೈಲು ಬಿಡಬೇಡ, ಅದು 1880ರ ದಶಕದ್ದು. ದುರ್ಗದ ಕೋಟೆಯಲ್ಲಿ ಅಲ್ಸೇಶನ್ ಬೊಗಳಿದ ಹಸ್ತಪ್ರತಿ ನನ್ನ ಮೇಜಿಗೇ ಬಂದಿತ್ತು. ಮದಕರಿ ನಾಯಕನ ದುರ್ಗ ಬಿದ್ದದ್ದು 1779ರಲ್ಲಿ, ಜರ್ಮನಿಯಲ್ಲಿ ಆ ತಳಿ ಕಟ್ಟಿದ್ದು 1899ರಲ್ಲಿ.

• ನಾಯಿಯನ್ನು ಸಂತನನ್ನಾಗಿ ಮಾಡಬೇಡ. ಕನ್ನಡ ಕಾದಂಬರಿಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ನಾಯಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಹುಲಿಯ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡು ಅದು. ಅದರ ಒಡೆಯ ಗುತ್ತಿಯ ಹೆಸರಿಗೇ ‘ನಾಯಿ’ ಅಂಟಿಕೊಳ್ಳುವಷ್ಟು ಅವರಿಬ್ಬರ ಜೋಡಿ. ಹುಲಿಯ ಎಲ್ಲಿಯೂ ಉಪದೇಶ ಮಾಡುವುದಿಲ್ಲ, ಮನುಷ್ಯನ ಹಾಗೆ ಯೋಚಿಸುವುದಿಲ್ಲ. ಮೈ ತುಂಬ ಉಣ್ಣೆ, ಕಾದಾಟ, ಒಡೆಯನ ಹಿಂದೆ ನಡಿಗೆ. ಕೊನೆಗೆ ನೆರೆ ಬಂದ ತುಂಗೆಯಲ್ಲಿ ಅದು ಕೈಬಿಟ್ಟು ಹೋಗುವಾಗ ಹೊಟ್ಟೆ ಕಿವಿಚುತ್ತದೆ. ಲೇಖಕರು ಅಳು ಅಂದಿದ್ದಕ್ಕಲ್ಲ, ಅಷ್ಟೂ ಪುಟ ಅದನ್ನು ನಾಯಿಯಾಗಿಯೇ ಇಟ್ಟಿದ್ದಕ್ಕೆ. ನೀನು ನಮ್ಮ ಸಂತೆಯ ಬಯಲಿನಲ್ಲಿ ಕೂತು ನೋಡು. ಅಲ್ಲಿನ ನಾಯಿಗೆ ಗಿರಾಕಿ ಕಡೆ ಒಂದು ಕಿವಿ, ಮಟನ್ ಅಂಗಡಿ ಕಡೆ ಇನ್ನೊಂದು. ಮಲಗುವ ಮುಂದೆ ಒಂದೇ ಜಾಗದಲ್ಲಿ ಸುತ್ತು ಹಾಕುತ್ತದೆ. ಬೇರೆ ಓಣಿಯದು ಬಂದರೆ ಮೊದಲು ಬಾಲ ಸೆಟೆಯುತ್ತದೆ, ಆಮೇಲೆ ಬಾಯಿ. ಇದನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೋ. ಕಾಳಿಗೂ ಇಷ್ಟೇ ಬರುತ್ತಿತ್ತು.

• ದೇವರಗುಡ್ಡದ ಜಾತ್ರೆಗೆ ಒಮ್ಮೆ ಹೋಗಿ ಬಾ. ಗೊರವಪ್ಪಗಳು ಮಾಲತೇಶ ದೇವರ ನಾಯಿಗಳಾಗಿ ಬೊಗಳುತ್ತ ದೋಣಿ ಎಂಬ ಪಾತ್ರೆಗೆ ಬಾಯಿ ಹಾಕುತ್ತಾರೆ. ‘ನಾಯಿ’ ಎಂಬುದು ನಮ್ಮಲ್ಲಿ ಬರೀ ಬೈಗುಳ ಎಂದು ತಿಳಿದವರು ಐತಿಹಾಸಿಕ ಕಾದಂಬರಿಗೆ ಕೈಹಾಕಬಾರದು.

• ಈಗ ರೊಕ್ಕದ ಮಾತು. ಲೇಖಕರಿಗೆ ಪ್ರಕಾಶಕರು ಕೊಡುವ ಗೌರವಧನ ಸಾಮಾನ್ಯವಾಗಿ ಮುಖಬೆಲೆಯ ನೂರಕ್ಕೆ ಹತ್ತು. 300 ರೂಪಾಯಿಯ ಪುಸ್ತಕಕ್ಕೆ 30. 500 ಪ್ರತಿ ಅಚ್ಚಾಗಿ ಎಲ್ಲವೂ ಮಾರಿಹೋದರೆ 15,000. ಎಲ್ಲವೂ ಮಾರುವುದಿಲ್ಲ. ನೀನೇ ಅಚ್ಚು ಹಾಕಿಸಿದರೆ ಕಾಗದ, ಅಚ್ಚು, ಬೈಂಡಿಂಗ್, ಅಂಗಡಿಯವರ ಕಮಿಷನ್ ಕಳೆದ ಮೇಲೆ ಉಳಿದದ್ದು ನಿನ್ನದು. ಕಮಿಷನ್ನೇ ಬೆಲೆಯ ಮೂರನೆಯ ಒಂದು ಭಾಗ ದಾಟುವುದುಂಟು. ಸಗಟು ಖರೀದಿಯ ರೊಕ್ಕ ಕೈಗೆ ಬೀಳುವತನಕ ಲೆಕ್ಕಕ್ಕೆ ಹಿಡಿಯಬೇಡ. ಇಷ್ಟು ಸಣ್ಣ ಮೊತ್ತವೇ ಎಂದು ಮುಖ ಸಣ್ಣದು ಮಾಡಿಕೊಳ್ಳಬೇಡ. ಇಡೀ ನಾಯಿಮನೆಯ ಭಾರ ಹೊರುವ ಮಾತು ಬಿಟ್ಟು ಒಂದೇ ಖರ್ಚನ್ನು ಹಿಡಿ. ಮರಿಗಳ ಪಾರ್ವೊ–ಡಿಸ್ಟೆಂಪರ್ ಲಸಿಕೆ ಅನ್ನು, ಇಲ್ಲವೆ ರೇಬಿಸ್ ಚುಚ್ಚುಮದ್ದು ಅನ್ನು. ಮಳೆಗಾಲದಲ್ಲಿ ಪಾರ್ವೊ ಹೊಕ್ಕ ನಾಯಿಮನೆಯನ್ನು ನೋಡಿದವರಿಗೆ ಗೊತ್ತು: ಬೆಳಿಗ್ಗೆ ಆಡುತ್ತಿದ್ದ ಕುನ್ನಿ ಸಂಜೆಗೆ ರಕ್ತಭೇದಿಯಾಗಿ ಕಣ್ಣು ಮುಚ್ಚಿರುತ್ತದೆ. ಅಲ್ಲಿ 15,000 ಸಣ್ಣ ರೊಕ್ಕ ಅಲ್ಲ.

• ‘ಮಾರಾಟದ ಒಂದು ಭಾಗ ಮೂಕಪ್ರಾಣಿಗಳಿಗೆ’ ಎಂದು ಬೆನ್ನುಪುಟದಲ್ಲಿ ಹಾಕಬೇಡ. ಯಾವ ಭಾಗ? ಯಾವ ಪ್ರಾಣಿ? ‘ಪ್ರತಿಯೊಂದು ಪುಸ್ತಕಕ್ಕೆ 30 ರೂ., ಇಂಥ ನಾಯಿಮನೆಗೆ, ಇಂಥ ಖರ್ಚಿಗೆ’ ಎಂದು ಅಚ್ಚು ಹಾಕಿಸು. ಅವರ ಹೆಸರು ಹಾಕುವ ಮೊದಲು ಲಿಖಿತ ಒಪ್ಪಿಗೆ ತಗೋ. ಬ್ಯಾಂಕಿನಲ್ಲಿ ಬೇರೆ ಖಾತೆ ತೆಗೆ. ಎರಡನೆಯ ಮುದ್ರಣದಲ್ಲಿ ಮೊದಲನೆಯದರ ಲೆಕ್ಕ ಒಂದು ಪುಟ ಇರಲಿ. ಗೌರವಧನ ಮೊದಲು ನಿನ್ನ ಆದಾಯ, ಆಮೇಲೆ ದಾನ. ತೆರಿಗೆಯವರು ಅದನ್ನು ಹಾಗೆಯೇ ನೋಡುತ್ತಾರೆ. ಲೆಕ್ಕಪರಿಶೋಧಕರ ಹತ್ತಿರ ಒಂದು ಸಲ ಕೂತು ಬಾ, ಅವರ ಫೀ ಉಳಿಸಲು ಹೋಗಬೇಡ.

• ಮಾರುವುದನ್ನು ಗಳಗನಾಥರಿಂದ ಕಲಿ. ವೆಂಕಟೇಶ ತಿರಕೋ ಕುಲಕರ್ಣಿ (1869–1942), ನಮ್ಮ ಪಕ್ಕದ ಹಾವೇರಿ ಸೀಮೆಯವರು. ‘ಮಾಧವ ಕರುಣಾವಿಲಾಸ’ದಂಥ ಕಾದಂಬರಿ ಬರೆದದ್ದಲ್ಲದೆ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಈಗ ಗಂಟು ಹೊರುವುದು ಬೇಡ, ಆದರೆ ಭಿಡೆ ಬಿಡಬೇಕು. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾದದ್ದೇ ಚಂದಾದಾರರ ಬಲದ ಮೇಲೆ: ಓದುವವರು ಮೊದಲೇ ರೊಕ್ಕ ಕೊಟ್ಟು ವರ್ಷದ ಪುಸ್ತಕಗಳಿಗೆ ಕಾಯುತ್ತಿದ್ದರು. ಅಚ್ಚಿಗೆ ಮೊದಲೇ ನೂರು ಜನರ ಹೆಸರು ಬರೆದುಕೊಂಡರೆ ಪ್ರೆಸ್ಸಿನವನ ಮುಂದೆ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಹಾಂ, ಗಳಗನಾಥರ ಬಹಳಷ್ಟು ಬರಹ ಮರಾಠಿಯ ಹರಿ ನಾರಾಯಣ ಆಪ್ಟೆಯವರಿಂದ ಬಂದದ್ದು. ನಮ್ಮ ಕಡೆಯ ಐತಿಹಾಸಿಕ ಕಾದಂಬರಿಗೆ ಆ ಛಾಯೆ ಬಹಳ ದಿನ ಇತ್ತು. ನೀನು ಶಾಸನಕ್ಕೂ ಲಾವಣಿಗೂ ನೇರವಾಗಿ ಹೋಗು.

• ಪುಣ್ಯ ಬರುತ್ತದೆ ಕೊಳ್ಳಿರಿ ಎಂದು ಮಾರಬೇಡ. ಪುಣ್ಯಕ್ಕೆ ಕೊಂಡ ಪುಸ್ತಕ ಕಪಾಟಿನಲ್ಲಿ ಕೂರುತ್ತದೆ, ಇನ್ನೊಬ್ಬರ ಕೈಗೆ ಹೋಗುವುದಿಲ್ಲ. ಕೆನಡಾದ ಮಾರ್ಷಲ್ ಸಾಂಡರ್ಸ್ ಎಂಬಾಕೆ 1890ರ ದಶಕದಲ್ಲಿ ‘ಬ್ಯೂಟಿಫುಲ್ ಜೋ’ ಬರೆದರು. ಒಡೆಯನೇ ಕಿವಿ–ಬಾಲ ಕತ್ತರಿಸಿದ ಒಂದು ನಿಜವಾದ ನಾಯಿಯ ಕಥೆ. ಅಮೆರಿಕದ ಪ್ರಾಣಿದಯಾ ಸಂಸ್ಥೆಯ ಸ್ಪರ್ಧೆಗೆಂದು ಕಥೆಯ ಊರನ್ನೇ ಅಮೆರಿಕಕ್ಕೆ ಸಾಗಿಸಿದ ಜಾಣೆ ಆಕೆ. ಹತ್ತು ಲಕ್ಷ ಪ್ರತಿ ದಾಟಿತು. ಓದಿದವರು ಬಿಡದೆ ಓದಿದ್ದಕ್ಕೆ ದಾಟಿತು.

• ಯಾವ ನಾಯಿಮನೆ? ಹಬ್ಬದ ದಿನ ಹೋಗಿ ಫೋಟೊ ತೆಗೆಸಿಕೊಂಡು ತೀರ್ಮಾನ ಮಾಡಬೇಡ. ವಾರದ ನಡುವೆ, ಹೇಳದೆ ಹೋಗು. ಹೊಸದಾಗಿ ಬಂದ ನಾಯಿಯನ್ನು ಬೇರೆ ಇಡುವ ಕೋಣೆ ಇದೆಯೇ? ಬಂದದ್ದು, ಹೋದದ್ದು, ಸತ್ತದ್ದು ಬರೆಯುವ ರಜಿಸ್ಟರ್ ಇದೆಯೇ? ಸತ್ತವುಗಳ ಕಾಲಂ ಖಾಲಿ ಇದ್ದರೆ ನಂಬಬೇಡ. ಎಡಗಿವಿಯೋ ಬಲಗಿವಿಯೋ ತುದಿ ಕತ್ತರಿಸಿದ ಗುರುತಿದ್ದರೆ ಸಂತಾನಹರಣ ಆಗಿದೆ ಎಂದರ್ಥ, ಎಷ್ಟಕ್ಕಿದೆ ನೋಡು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದ ಪ್ರಕಾರ ಚಿಕಿತ್ಸೆ, ಲಸಿಕೆ ಆದ ಬೀದಿನಾಯಿ ಹಿಡಿದ ಜಾಗಕ್ಕೇ ಮರಳಬೇಕು. ಆದರೆ 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಆವರಣಗಳಿಂದ ಹಿಡಿದ ನಾಯಿಗಳನ್ನು ತಿರುಗಿ ಅಲ್ಲಿ ಬಿಡದೆ ಆಶ್ರಯತಾಣದಲ್ಲಿಡಲು ಹೇಳಿತು. ಅಂದಮೇಲೆ ಜಾಗ, ಅನ್ನ, ಆಳು ಎಲ್ಲದರ ಖರ್ಚೂ ಏರುತ್ತದೆ. ನೀನು ಕೊಡುವ ರೊಕ್ಕ ಇದರಲ್ಲಿ ಎಲ್ಲಿ ಹೋಗಿ ಬೀಳುತ್ತದೆ ಎಂದು ನೇರವಾಗಿ ಕೇಳು. ಕೇಳಿದ್ದಕ್ಕೆ ಸಿಟ್ಟಾದರೆ ಬೇರೆ ಕಡೆ ನೋಡು.

• ಬಿಡುಗಡೆ ಸಮಾರಂಭದ ದಿನದ ಮಾರಾಟವನ್ನೇ ನೆಚ್ಚಬೇಡ. ನಮ್ಮ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವನ್ನೇ ನೋಡು. 1957ರಲ್ಲಿ ಹುಟ್ಟಿದ ಸಂಸ್ಥೆ, ದೇಶಕ್ಕೆಲ್ಲ ಪ್ರಮಾಣಿತ ಖಾದಿ ಧ್ವಜ ಕೊಡುವ ಜಾಗ. ಆಗಸ್ಟ್ 15, ಜನವರಿ 26ರ ಮುಂದೆ ಬೇಡಿಕೆ ಏರುತ್ತದೆ, ಆಮೇಲೆ ಇಳಿಯುತ್ತದೆ. 2021ರ ಡಿಸೆಂಬರ್ ಕೊನೆಗೆ ಧ್ವಜಸಂಹಿತೆ ತಿದ್ದಿ ಪಾಲಿಯೆಸ್ಟರ್‌ಗೂ ಯಂತ್ರದ ಬಟ್ಟೆಗೂ ಅವಕಾಶ ಕೊಟ್ಟಾಗ ನೂಲುವ, ಹೊಲಿಯುವ ಹೆಣ್ಣುಮಕ್ಕಳ ಕೈಯ ಕೆಲಸಕ್ಕೇ ಪೆಟ್ಟು ಬಿತ್ತು. ನಾಯಿಗಳು ದಿನವೂ ಉಣ್ಣುತ್ತವೆ. ಮೊದಲ ಕಂತು ಒಟ್ಟಿಗೆ ಕೊಟ್ಟು ಕೈಕೊಡವಬೇಡ; ಹನ್ನೆರಡು ಪಾಲು ಮಾಡಿ ತಿಂಗಳು ತಿಂಗಳು ಕೊಡು. ನಾಯಿಮನೆಯವರಿಗೂ ಲೆಕ್ಕ ಹಾಕಲು ಬರುತ್ತದೆ.

• ನಾಯಿ ಕಚ್ಚಿಸಿಕೊಂಡವರ ಮುಂದೆ ನಾಯಿ ಮಹಾತ್ಮೆ ಹೇಳಬೇಡ. ನಸುಕಿನಲ್ಲಿ ಹಾಲು ಹಾಕುವ ಹುಡುಗನಿಗೂ ರಾತ್ರಿ ಪಾಳಿ ಮುಗಿಸಿ ನಡೆದು ಬರುವವರಿಗೂ ಹೆದರಲು ಕಾರಣವಿದೆ. ಪುಸ್ತಕದ ಕಾರ್ಯಕ್ರಮದಲ್ಲಿ ಒಂದು ಚೀಟಿ ಹಂಚು: ಕಚ್ಚಿದ ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆಯುವುದು, ಅರಿಸಿನ–ಸುಣ್ಣ ಹಚ್ಚದಿರುವುದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರುಮಾಡಿ ಎಲ್ಲ ಸರದಿಯನ್ನೂ ಮುಗಿಸುವುದು. ನಿನ್ನ ಕಾದಂಬರಿ ಕೊಳ್ಳದವರೂ ಆ ಚೀಟಿ ಮನೆಗೆ ಒಯ್ಯುತ್ತಾರೆ.

• ಮೂರನೆಯ ಅಧ್ಯಾಯದ ನಡುವೆ ಮನೆಗೆ ಮತ್ತೊಂದು ನಾಯಿ ತರಬೇಡ. ನಿಮ್ಮವ್ವ ನನ್ನ ಮೇಲೆ ಬರುತ್ತಾಳೆ.

• ಲಾವಣಿಯ ಸಾಲು ಬಳಸುವುದಾದರೆ ಹಳೆಯ ಪಾಠ ಯಾರ ಆಸ್ತಿಯೂ ಅಲ್ಲ. ಈಚಿನ ಸಂಪಾದಕರ ಟಿಪ್ಪಣಿ, ಅರ್ಥ ಬಳಸಿದರೆ ಅವರನ್ನು ಕೇಳಲೇಬೇಕು. ಸತ್ತು ಅರವತ್ತು ವರ್ಷ ದಾಟಿದ ಲೇಖಕರ ಬರಹಕ್ಕೆ ಹಕ್ಕಿನ ತಕರಾರು ಇರುವುದಿಲ್ಲ, ಹೆಸರು ಹೇಳುವ ಮರ್ಯಾದೆ ಮಾತ್ರ ಉಳಿಯುತ್ತದೆ.

• ಕರಡು ಎರಡು ಸಲ ಬೇರೆ ಬೇರೆಯವರಿಂದ ತಿದ್ದಿಸು. ಬರೆದವರಿಗೆ ತಮ್ಮ ತಪ್ಪು ಕಾಣುವುದಿಲ್ಲ, ಇಸವಿಗಳಂತೂ ಕಾಣುವುದೇ ಇಲ್ಲ. ಒಂದು ಸಲದ್ದು ನನಗಿರಲಿ, ರೊಕ್ಕ ಬೇಡ. ಮೊಬೈಲಿನಲ್ಲಿ ಕಳಿಸಬೇಡ, ಒಂದೇ ಬದಿಗೆ ಪ್ರಿಂಟ್ ತೆಗೆಸಿ, ಸಾಲಿನ ನಡುವೆ ಜಾಗ ಬಿಟ್ಟು ತಾ. ದೀಪಾವಳಿಯೊಳಗೆ ಕೊಟ್ಟರೆ ಛಲೋ, ಆಮೇಲೆ ಕಣ್ಣಿನ ಆಪರೇಷನ್ ಇದೆ.