ಮುಟ್ಟು ನಿಲ್ಲುವ ಮೊದಲೇ ಬನ್ನಿ

ಬಸುರಿಯಾದ ಮೇಲೆ ಕಾಣಿಸಿಕೊಳ್ಳುವ ಶುಗರ್ ಬೇರೆ, ಶುಗರ್ ಇದ್ದೇ ಬಸುರಿಯಾಗುವುದು ಬೇರೆ. ಎರಡನೆಯ ಗುಂಪಿನ ಹೆಣ್ಣುಮಕ್ಕಳು ನನಗೆ ಕಲಿಸಿದ್ದು ಇದು.

1. ತಡವಾಗಿ ಬಂದರೆ ಕಳೆದ ದಿನ ಸಿಗುವುದಿಲ್ಲ. ಒಬ್ಬಾಕೆ ಹತ್ತನೇ ವಾರಕ್ಕೆ ಬಂದಳು. ಅಷ್ಟರಲ್ಲಿ ಮಗುವಿನ ಹೃದಯ, ಬೆನ್ನುಹುರಿ ರೂಪ ತಳೆದಾಗಿರುತ್ತದೆ. ಎಚ್‌ಬಿಎ1ಸಿ (ಕೆಲವು ತಿಂಗಳ ಸರಾಸರಿ ಶುಗರ್) 6.5ಕ್ಕಿಂತ ಕೆಳಗಿಳಿದ ಮೇಲೆ ಬಸಿರಾಗುವುದು ಒಳ್ಳೆಯದು. 10 ದಾಟಿದ್ದರೆ ಸದ್ಯಕ್ಕೆ ಬೇಡವೇ ಬೇಡ. ಫೋಲಿಕ್ ಆಸಿಡ್ ಕೂಡ ಮೊದಲೇ ಶುರುವಾಗಬೇಕು.

2. ಮಾತ್ರೆಯ ಚೀಲವನ್ನೇ ತನ್ನಿ. ‘ಬಿ.ಪಿ. ಮಾತ್ರೆ’ ಎಂದರೆ ನನಗೆ ತಿಳಿಯದು. ಹೆಸರಿನ ಕೊನೆಗೆ ‘ಪ್ರಿಲ್’, ‘ಸಾರ್ಟನ್’ ಇರುವವು ಮಗುವಿನ ಮೂತ್ರಪಿಂಡಕ್ಕೆ ಕೆಡುಕು. ಅವನ್ನು ಬದಲಿಸಿಕೊಡುತ್ತೇವೆ, ನೀವೇ ನಿಲ್ಲಿಸಬೇಡಿ.

3. ಕಣ್ಣು ಮರೆಯಬೇಡಿ. ಮೊದಲೇ ಕೆಟ್ಟಿರುವ ಅಕ್ಷಿಪಟಲ ಬಸಿರಿನಲ್ಲಿ ಇನ್ನಷ್ಟು ಹದಗೆಡಬಹುದು, ಶುಗರ್ ತಟ್ಟನೆ ಇಳಿಸಿದರಂತೂ ಹೆಚ್ಚು. ಶುರುವಿನಲ್ಲೊಮ್ಮೆ, 28ನೇ ವಾರದ ಹೊತ್ತಿಗೆ ಇನ್ನೊಮ್ಮೆ ತೋರಿಸಿ.

4. ಡೋಸ್ ಏರಿದರೆ ಅದು ತಪ್ಪಲ್ಲ. ‘ಇವಳು ಬಾಯಿ ಕಟ್ಟಲಿಲ್ಲ, ಅದಕ್ಕೇ ಇನ್ಸುಲಿನ್ ಏರಿತು’ ಎಂದು ಅತ್ತೆಯಂದಿರು ದೂರುತ್ತಾರೆ. ಏರಿಸುವುದು ಮಾಸು. ಅದರ ಹಾರ್ಮೋನುಗಳು ನಾಲ್ಕನೇ ತಿಂಗಳ ನಂತರ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ನಿಲ್ಲುತ್ತವೆ. ಕೊನೆಯ ತಿಂಗಳುಗಳಲ್ಲಿ ಡೋಸ್ ಎರಡು ಮೂರು ಪಟ್ಟಾಗುವುದುಂಟು. ತಾಯಿಯ ಸಕ್ಕರೆ ಮಾಸು ದಾಟಿ ಮಗುವನ್ನು ಸೇರುತ್ತದೆ, ಇನ್ಸುಲಿನ್ ದಾಟದು. ಆದ್ದರಿಂದ ಯೂನಿಟ್ ಎಣಿಸಬೇಡಿ, ಗುರಿ ನೋಡಿ: ಬರಿಹೊಟ್ಟೆಗೆ 95, ಉಂಡ ಒಂದು ತಾಸಿಗೆ 140, ಎರಡು ತಾಸಿಗೆ 120ರ ಒಳಗೆ. ಎಂಟನೇ ತಿಂಗಳ ನಂತರ ಡೋಸ್ ತಾನಾಗಿಯೇ ಕುಸಿದರೆ ಖುಷಿಪಡದೆ ಅಂದೇ ಆಸ್ಪತ್ರೆಗೆ ಬನ್ನಿ, ಮಾಸು ಸೋಲುತ್ತಿರಬಹುದು.

5. ಮೊದಲ ತಿಂಗಳುಗಳ ರಾತ್ರಿ ಎಚ್ಚರ. ಓಕರಿಕೆ, ಅರೆಹೊಟ್ಟೆ, ಶುಗರ್ ಸದ್ದಿಲ್ಲದೆ ಇಳಿಯುತ್ತದೆ. ದಿಂಬಿನ ಬಳಿ ಗ್ಲುಕೋಸ್ ಇರಲಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದೆಂದು ಗಂಡನಿಗೂ ಹೇಳಿಕೊಡಿ. ಊಟ ಸೇರಲಿಲ್ಲವೆಂದು ಟೈಪ್ 1 ಇರುವವರು ಇನ್ಸುಲಿನ್ ಪೂರ್ತಿ ಬಿಡಬಾರದು. ಬಸಿರಿನಲ್ಲಿ ಶುಗರ್ 200 ಮುಟ್ಟದೆಯೂ ಕೀಟೋನ್ ವಿಷವಾಗಬಲ್ಲದು. ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಬನ್ನಿ.

6. ಮಾಸು ಬಿದ್ದ ಗಳಿಗೆಯಿಂದ ಲೆಕ್ಕ ತಲೆಕೆಳಗು. ಇನ್ಸುಲಿನ್ ಬೇಡಿಕೆ ಥಟ್ಟನೆ ಇಳಿಯುತ್ತದೆ. ಹಳೆಯ ಡೋಸ್ ಕೊಟ್ಟರೆ ಬಾಣಂತಿಗೆ ಅಪಾಯ. ಮಗುವಿನ ಶುಗರ್ ಕೂಡ ಇಳಿಯಬಹುದು, ಮೊದಲ ತಾಸಿನಲ್ಲೇ ಎದೆಹಾಲು ಕೊಡಿ. ಹಾಲೂಡುವ ಮುನ್ನ ತಾಯಿಯೂ ಏನಾದರೂ ತಿನ್ನಲಿ.

ಹತ್ತನೇ ವಾರಕ್ಕೆ ಬಂದಿದ್ದಾಕೆ ಮೂರು ವರ್ಷದ ನಂತರ ಮತ್ತೆ ಬಂದಳು. ‘ಎಷ್ಟು ತಿಂಗಳಾಯ್ತಮ್ಮ?’ ಎಂದೆ. ‘ಇನ್ನೂ ಏನೂ ಇಲ್ಲ ಡಾಕ್ಟ್ರೇ. ಅದಕ್ಕೇ ಬಂದೆ’ ಎಂದಳು.