ಕೋಡ್ಲಾದ ಧೂಳಿನಲ್ಲಿ ಆರ್‌ಎಕ್ಸ್ 100

ತಮ್ಮಾ, ಹಳೇ ಆರ್‌ಎಕ್ಸ್ 100 ತಂದು ಅಂಗಳದಲ್ಲಿ ನಿಲ್ಲಿಸಿದ್ದೀಯ ಅಂತ ಕೇಳಿ ಖುಷಿಯಾಯಿತು. 1985ರಲ್ಲಿ ಬಂದು 1996ಕ್ಕೆ ನಿಂತ ಗಾಡಿ ಅದು. 98 ಸಿಸಿ, 11 ಅಶ್ವಶಕ್ತಿ, ತೂಕ ನೂರು ಕೆಜಿ ಆಸುಪಾಸು. ಮೈ ಹಗುರ ಇದ್ದದ್ದಕ್ಕೇ ಆ ಪರಿ ಚಿಮ್ಮುತ್ತಿತ್ತು. ಈಗ ಅದಕ್ಕೆ ಇನ್ನಷ್ಟು ಪಿಕಪ್ ಬೇಕು, ಫಿಲ್ಟರ್ ತೆಗೆದು ದೊಡ್ಡ ಕಾರ್ಬುರೇಟರ್ ಕೂರಿಸಬೇಕು, ಸಿಲಿಂಡರಿನ ಕಿಂಡಿ ಕೆರೆಸಿ ಪೋರ್ಟಿಂಗ್ ಮಾಡಿಸಬೇಕು ಅಂತ ನಿನ್ನ ಆಸೆ. ಉಳಿದದ್ದಕ್ಕೆ ನಾನು ಅಡ್ಡ ಬರುವುದಿಲ್ಲ. ಫಿಲ್ಟರ್‌ಗೆ ಮಾತ್ರ ಕೈ ಹಚ್ಚಬೇಡ.

ಬೆಂಗಳೂರಿನ ಹುಡುಗರ ವಿಡಿಯೊ ನೋಡಿ ಕೋಡ್ಲಾದಲ್ಲಿ ಗಾಡಿ ಕಟ್ಟಲು ಆಗುವುದಿಲ್ಲ. ನಮ್ಮ ಸುತ್ತ ಸೇಡಂ, ಮಳಖೇಡ, ವಾಡಿ ಎಲ್ಲಿ ನೋಡಿದರೂ ಸಿಮೆಂಟ್ ಕಾರ್ಖಾನೆ, ಸುಣ್ಣದಕಲ್ಲಿನ ಗಣಿ. ಶಹಾಬಾದ್ ಕಡೆ ಹೊರಟರೆ ಫರಸಿ ಗಣಿ. ತೊಗರಿ ರಾಶಿ ಕಾಲದಲ್ಲಿ ಹೊಟ್ಟಿನ ಧೂಳು ಬೇರೆ. ಟೂ ಸ್ಟ್ರೋಕ್ ಎಂಜಿನ್ ಈ ಗಾಳಿಯನ್ನು ನೇರ ಸಿಲಿಂಡರಿಗೆ ಎಳೆಯುವುದಿಲ್ಲ. ಅದು ಮೊದಲು ಕ್ರ್ಯಾಂಕ್‌ಕೇಸಿಗೆ ಇಳಿದು, ಬೇರಿಂಗುಗಳನ್ನು ಸವರಿಕೊಂಡು, ಆಮೇಲೆ ಮೇಲೇರುತ್ತದೆ. ಒಳಹೊಕ್ಕ ಧೂಳು ಎಣ್ಣೆಯೊಂದಿಗೆ ಕಲೆತು ಉಜ್ಜುವ ಪೇಸ್ಟ್ ಆಗಿಬಿಡುತ್ತದೆ. ಬೋರು, ರಿಂಗು ಸವೆಯುವುದರ ಜೊತೆಗೆ ಕ್ರ್ಯಾಂಕೂ ಹೋಗುತ್ತದೆ. ಫಿಲ್ಟರ್ ತೆಗೆದ ದಿನ ಶಬ್ದ ದಪ್ಪವಾಗುತ್ತದೆ, ಹುಡುಗರು ಅದನ್ನೇ ಶಕ್ತಿ ಅಂದುಕೊಳ್ಳುತ್ತಾರೆ. ಒಳಗೆ ಆಗಿರುವುದು ಏನೆಂದರೆ, ಗಾಳಿ ಹೆಚ್ಚಿ ಪೆಟ್ರೋಲ್ ಸಾಲದೆ ಪಿಸ್ಟನ್ ಕಾಯತೊಡಗಿದೆ. ಗಾಳಿಯಿಂದಲೇ ತಣಿಯಬೇಕಾದ ಎಂಜಿನ್, ನಮ್ಮ ಮೇ ತಿಂಗಳ ಬಿಸಿಲು. ಸೀಜ್ ಆಗಲು ಇಷ್ಟು ಸಾಕು.

ಫಿಲ್ಟರಿನ ಸ್ಪಂಜು ಬಿಚ್ಚಿ ಸೋಪಿನ ನೀರಲ್ಲಿ ಅದುಮಿ ತೊಳೆ. ಬಟ್ಟೆ ಹಿಂಡಿದ ಹಾಗೆ ತಿರುಚಿದರೆ ಹರಿಯುತ್ತದೆ. ನೆರಳಲ್ಲಿ ಒಣಗಿಸಿ, ಎಂಜಿನ್ ಆಯಿಲ್ ಕುಡಿಸಿ, ಹೆಚ್ಚಾದದ್ದನ್ನು ಅದುಮಿ ತೆಗೆ. ಕೂರುವ ಅಂಚಿಗೆ ತುಸು ಗ್ರೀಸ್ ಹಚ್ಚು. ಎರಡು ದಿನ ಓಡಿಸಿದ ಮೇಲೆ ಬೆರಳಿಗೆ ಬಿಳಿ ಬಟ್ಟೆ ಸುತ್ತಿ, ಕಾರ್ಬುರೇಟರ್ ಹಿಂದಿನ ರಬ್ಬರ್ ಕೊಳವೆಯೊಳಗೆ ಆಡಿಸಿ ನೋಡು. ಬಟ್ಟೆಯ ಮೇಲೆ ಬೂದು ಗೆರೆ ಮೂಡಿದರೆ ಎಲ್ಲೋ ಸಂದು ಉಳಿದಿದೆ, ಹುಡುಕು.

ಇಷ್ಟು ವರ್ಷ ಓಡಿದ ಗಾಡಿಯಲ್ಲಿ ಆ 11 ಅಶ್ವಶಕ್ತಿ ಈಗ ಪೂರ್ತಿ ಉಳಿದಿರುವುದಿಲ್ಲ. ಹೊಸ ಶಕ್ತಿ ಕೊಳ್ಳುವ ಮುಂಚೆ ಕಳೆದುಹೋದದ್ದನ್ನು ವಾಪಸ್ ತಾ. ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲ್ ಬದಲಿಸು. ಮ್ಯಾಗ್ನೆಟ್ ಕಡೆಯದು ಹೋದರೆ ಎಂಜಿನ್ ಕಳ್ಳಗಾಳಿ ಎಳೆಯುತ್ತದೆ, ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಕುಡಿದು ಬಿಳಿ ಹೊಗೆ ಕಾರುತ್ತದೆ. ರೀಡ್ ವಾಲ್ವಿನ ಎಲೆಗಳು ಸಪಾಟಾಗಿ ಕೂರುತ್ತವೆಯೋ ಬೆಳಕಿಗೆ ಹಿಡಿದು ನೋಡು. ಸೈಲೆನ್ಸರಿನ ಒಳಕೊಳವೆ ತೆಗೆದು ಕಟ್ಟಿದ ಮಸಿ ಕೆರೆದು ಹಾಕು. ಎಷ್ಟೋ ಗಾಡಿಗಳು ಇಷ್ಟಕ್ಕೇ ಎಚ್ಚರಗೊಂಡಿದ್ದನ್ನು ಕಂಡಿದ್ದೇನೆ.

ಅದಾದ ಮೇಲೂ ಆಸೆ ತೀರದಿದ್ದರೆ ಪೋರ್ಟಿಂಗ್ ಮಾಡಿಸು, ಆದರೆ ಬೆಲೆ ತಿಳಿದು ಮಾಡಿಸು. ಎಕ್ಸಾಸ್ಟ್ ಪೋರ್ಟನ್ನು ಮೇಲಕ್ಕೆ ಏರಿಸಿದಷ್ಟೂ ಶಕ್ತಿ ಮೇಲಿನ ಆರ್‌ಪಿಎಂಗೆ ಸರಿಯುತ್ತದೆ, ಕೆಳಗಿನ ಎಳೆತ ಸಾಯುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಊರೊಳಗೆ ಓಡಾಡುವವನಿಗೆ ಅದು ನಷ್ಟದ ಬಾಬತ್ತು. ಕೆರೆದ ಲೋಹ ಮರಳಿ ಬಾರದು. ಕಾರ್ಬುರೇಟರಿನಲ್ಲಿ ದೊಡ್ಡ ಜೆಟ್‌ನಿಂದ ಶುರುಮಾಡಿ ಒಂದೊಂದೇ ಅಳತೆ ಇಳಿಸು. ಹೊಸ ಪ್ಲಗ್ ಹಾಕಿ, ಖಾಲಿ ರಸ್ತೆಯಲ್ಲಿ ಪೂರ್ತಿ ಆಕ್ಸಲರೇಟರ್ ಕೊಟ್ಟು, ಕ್ಲಚ್ ಹಿಡಿದು ಅಲ್ಲೇ ಎಂಜಿನ್ ಬಂದ್ ಮಾಡಿ ಪ್ಲಗ್ ಬಿಚ್ಚು. ಕಂದು ಬಣ್ಣ ಇದ್ದರೆ ಸರಿ. ಬಿಳಿ ಇದ್ದರೆ ಮುಂದೆ ಓಡಿಸಬೇಡ.

ಸೈಲೆನ್ಸರಿನ ಮಾತು. ಟೂ ಸ್ಟ್ರೋಕಿಗೆ ಅದು ಹೊಗೆ ಬಿಡುವ ಬರೀ ಪೈಪಲ್ಲ. ಅದರೊಳಗಿಂದ ಹಿಂದಿರುಗುವ ಒತ್ತಡದ ಅಲೆ, ಹೊರಗೆ ಜಾರುತ್ತಿದ್ದ ಹೊಸ ಮಿಶ್ರಣವನ್ನು ಸಿಲಿಂಡರಿಗೆ ವಾಪಸ್ ನೂಕುತ್ತದೆ. ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ವಾಲ್ಟರ್ ಕಾಡೆನ್ ಪಳಗಿಸಿದ ವಿದ್ಯೆ ಇದು. 1961ರಲ್ಲಿ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಈ ವಿದ್ಯೆಯೊಂದಿಗೆ ದೇಶ ಬಿಟ್ಟು ಸುಜುಕಿ ಸೇರಿದ, ಮರುವರ್ಷವೇ 50 ಸಿಸಿ ವಿಶ್ವ ಚಾಂಪಿಯನ್ ಆದ. ಇಷ್ಟು ಲೆಕ್ಕಾಚಾರದ ಕೊಳವೆಯನ್ನು ಕೊರೆದು ತೂತು ಮಾಡಿದರೆ ಶಕ್ತಿ ಕಡಿಮೆಯೇ ಆಗುತ್ತದೆ, ಆ ಗದ್ದಲಕ್ಕೆ ಬಾಣಂತಿ ಇರುವ ಮನೆಯ ಮುಂದೆ ಶಾಪವೂ ಸಿಗುತ್ತದೆ. ಕಾನೂನೂ ಸಡಿಲ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌ಸಿಯಲ್ಲಿರುವ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಾದ ಮೇಲೆ ಅಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಜೈಲೂ ಆಗಬಹುದು.

ಎಂಜಿನ್ ಬಿಚ್ಚುವ ಮುಂಚೆ ಬ್ರೇಕ್ ನೋಡು. ಹಿಂದೆ ಮುಂದೆ ಎರಡೂ ಡ್ರಮ್. ಶೂ ಸವೆದಿದ್ದರೆ ಬದಲಿಸು, ಡ್ರಮ್ಮಿನೊಳಗಿನ ಧೂಳು ಒರೆಸು, ಕೇಬಲ್ ಹೊಸದು ಹಾಕು. ಸಿಮೆಂಟ್ ಲಾರಿಗಳ ಸಾಲಿನ ಹಿಂದೆ ಗಾಡಿ ನಿಲ್ಲಲೇಬೇಕು. ಈ ವಾರ ಅಷ್ಟು ಮುಗಿಸಿ ಗಾಡಿ ತಾ, ಹೆಡ್ ಬಿಚ್ಚಿ ಬೋರ್ ಅಳೆಯೋಣ.